ಮಷೀನಿಗೆ ಕೈ ಬೇಕು, ಕೈಗುಣ ಬೇಡ

ನಮ್ಮ ಚಿಕ್ಕಮ್ಮನ ಮನೆಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಮಷೀನು ಇತ್ತು. ಅವರು ಕೂತರೆ ಟಕಟಕ ಓಡುತ್ತಿತ್ತು. ನಾನು ಕೂತರೆ ಒಂದೋ ಅಲ್ಲಾಡುತ್ತಲೇ ಇರಲಿಲ್ಲ, ಇಲ್ಲಾ ಹಿಂದಕ್ಕೆ ತಿರುಗಿ ದಾರವೆಲ್ಲ ಗಂಟು. "ಅದಕ್ಕೆ ಕೈಗುಣ ಬೇಕು ಕಣೋ" ಎನ್ನುತ್ತಿದ್ದರು ಪಕ್ಕದ ಮನೆಯವರು. ಅದನ್ನು ಕೇಳಿದರೆ ನನಗೆ ಈಗಲೂ ರೇಗುತ್ತದೆ. ಚಿಕ್ಕಮ್ಮ ತುಳಿಯುವ ಮುಂಚೆ ಬಲಗೈಯಿಂದ ಮೇಲಿನ ಸಣ್ಣ ಚಕ್ರವನ್ನು ತಮ್ಮ ಕಡೆಗೆ ಒಮ್ಮೆ ಎಳೆಯುತ್ತಿದ್ದರು. ಕೈ ಬೇಕಿತ್ತು ನಿಜ. ಗುಣ ಬೇಕಿರಲಿಲ್ಲ.

ಚಕ್ರವನ್ನು ಅದರ ಅಕ್ಷದ, ಅಂದರೆ ನಡುಗಂಬಿಯ, ಸುತ್ತ ತಿರುಗಿಸುವ ಜೋರಿಗೆ ಟಾರ್ಕ್ ಅನ್ನುತ್ತಾರೆ. ಟಾರ್ಕ್ ಅಂದರೆ ಬಲ ಗುಣಿಸು ದೂರ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಯಾವ ದೂರ? ಬಲ ಬೀಳುವ ಜಾಗದಿಂದ ಅಕ್ಷದವರೆಗಿನ ದೂರ ಅಂದುಕೊಂಡರೆ ಎಡವಿದಿರಿ. ಬಲ ಹೋಗುವ ದಿಕ್ಕಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆ ಅಕ್ಷದಿಂದ ಎಷ್ಟು ದೂರದಲ್ಲಿ ಹಾದು ಹೋಗುತ್ತದೋ ಅದೇ ಲೆಕ್ಕಕ್ಕೆ ಬರುವ ದೂರ. ಗೆರೆ ಅಕ್ಷದ ಮೇಲೇ ಹಾದು ಹೋದರೆ ದೂರ ಸೊನ್ನೆ, ಟಾರ್ಕೂ ಸೊನ್ನೆ. ಆನೆ ಬಂದು ತುಳಿದರೂ ಅಷ್ಟೇ. ಅಕ್ಷ ಮುರಿಯಬಹುದು, ತಿರುಗುವುದಿಲ್ಲ.

ಸೈಕಲ್ ನೋಡಿ. ಪೆಡಲಿನ ಕ್ರ್ಯಾಂಕ್, ಅಂದರೆ ಪೆಡಲನ್ನು ಅಕ್ಷಕ್ಕೆ ಜೋಡಿಸುವ ತೋಳು, ಸಾಮಾನ್ಯವಾಗಿ 17 ಸೆಂಟಿಮೀಟರ್ ಉದ್ದ. 50 ಕಿಲೋ ತೂಕದವರು ಪೂರ್ತಿ ಭಾರ ಬಿಟ್ಟು ನಿಂತರೆ ಸುಮಾರು 500 ನ್ಯೂಟನ್ ಬಲ ನೇರ ಕೆಳಕ್ಕೆ ಬೀಳುತ್ತದೆ. ಕ್ರ್ಯಾಂಕ್ ಮುಂದಕ್ಕೆ ಅಡ್ಡ ಚಾಚಿದ್ದಾಗ ಟಾರ್ಕ್ 85 ನ್ಯೂಟನ್ ಮೀಟರ್. ಅದೇ ಕ್ರ್ಯಾಂಕ್ ನೆಟ್ಟಗಿನಿಂದ 30 ಡಿಗ್ರಿ ಮಾತ್ರ ಮುಂದಿದ್ದರೆ ಅರ್ಧಕ್ಕರ್ಧ ಕಮ್ಮಿ. 10 ಡಿಗ್ರಿ ಇದ್ದರೆ ಬರೀ 15. ನೆಟ್ಟಗೆ ನಿಂತಿದ್ದರೆ ಏನೂ ಇಲ್ಲ. ತೂಕ ಅದೇ, ಪೆಡಲ್ ಅದೇ, ಬೆವರೂ ಅದೇ!

ಹೊಲಿಗೆ ಮಷೀನಿನಲ್ಲೂ ಇದೇ ಕತೆ. ಕಾಲಿನ ಹಲಗೆಯಿಂದ ಒಂದು ಕಡ್ಡಿ ದೊಡ್ಡ ಚಕ್ರಕ್ಕೆ ಹೋಗುತ್ತದೆ. ಕಡ್ಡಿ ತಳ್ಳುವ ಗೆರೆ ಪ್ರತಿ ಸುತ್ತಿನಲ್ಲೂ ಎರಡು ಸಲ ಚಕ್ರದ ಅಕ್ಷದ ಮೇಲೆ ಹಾದು ಹೋಗುತ್ತದೆ. ಮಷೀನು ಅಲ್ಲಿ ನಿಂತಿದ್ದರೆ ತುಳಿದು ಪ್ರಯೋಜನವಿಲ್ಲ. ಗೆರೆ ಅಕ್ಷದ ಈ ಪಕ್ಕ ಒಂದು ಕೂದಲೆಳೆ ಸರಿದರೆ ಚಕ್ರ ಮುಂದಕ್ಕೆ, ಆ ಪಕ್ಕ ಸರಿದರೆ ಹಿಂದಕ್ಕೆ. ನನ್ನ ದಾರ ಗಂಟಾಗುತ್ತಿದ್ದದ್ದು ಹಾಗೆ. ಚಿಕ್ಕಮ್ಮನ ಕೈ ಕಡ್ಡಿಯನ್ನು ಸರಿಯಾದ ಪಕ್ಕಕ್ಕೆ ದಾಟಿಸುತ್ತಿತ್ತು. ಒಮ್ಮೆ ಓಡಲು ಶುರುವಾದರೆ ಕೆಳಗಿನ ದೊಡ್ಡ ಚಕ್ರದ ಭಾರವೇ ಆ ಸತ್ತ ಜಾಗವನ್ನು ದಾಟಿಸಿಕೊಂಡು ಹೋಗುತ್ತದೆ.

ಗಾಣದ ಎತ್ತಿಗೆ ಈ ರಗಳೆ ಇಲ್ಲ. ಅದು ಸುತ್ತು ಹೊಡೆಯುತ್ತಲೇ ಎಳೆಯುತ್ತದೆ, ಹಾಗಾಗಿ ಎಳೆತ ಯಾವಾಗಲೂ ನೊಗದ ಮರಕ್ಕೆ ಹೆಚ್ಚುಕಮ್ಮಿ ಅಡ್ಡವಾಗಿಯೇ ಬೀಳುತ್ತದೆ. ರಾಗಿ ಬೀಸುವ ಕಲ್ಲಿನ ಗೂಟ ಹಿಡಿದ ಕೈಯೂ ಹಾಗೇ, ಗೂಟದ ಜೊತೆ ತಾನೂ ದಿಕ್ಕು ಬದಲಿಸುತ್ತಾ ಹೋಗುತ್ತದೆ. ಮೇಲೆ ಕೆಳಗೆ ಮಾತ್ರ ಹೋಗುವ ಕಾಲಿಗೆ ಅದು ಬರುವುದಿಲ್ಲ. ಉಗಿ ದೂಡಿದಂತೆ ಹಿಂದೆ ಮುಂದೆ ಮಾತ್ರ ಸರಿಯುವ ಉಗಿಯಂತ್ರದ ಪಿಸ್ಟನ್ನಿಗೂ ಬರುವುದಿಲ್ಲ.

ಆ ಉಗಿಯಂತ್ರದ ಕತೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1780ರಲ್ಲಿ ಇಂಗ್ಲೆಂಡಿನ ಜೇಮ್ಸ್ ಪಿಕಾರ್ಡ್ ಉಗಿಯಂತ್ರಕ್ಕೆ ಕ್ರ್ಯಾಂಕ್ ಜೋಡಿಸಿ ಪೇಟೆಂಟ್ ತೆಗೆದುಕೊಂಡ. ಕ್ರ್ಯಾಂಕ್ ಏನು ಹೊಸದಲ್ಲ, ಯಾವ ಕಾಲದ್ದೋ. ಆದರೂ ಪೇಟೆಂಟ್ ಪೇಟೆಂಟೇ, ಅಲ್ವಾ? ಜೇಮ್ಸ್ ವಾಟ್ ಅದರ ತಂಟೆಗೆ ಹೋಗದೆ 1781ರಲ್ಲಿ ಬೇರೆ ದಾರಿ ಹಿಡಿದ. ಒಂದು ಹಲ್ಲಿನ ಚಕ್ರ ಇನ್ನೊಂದರ ಸುತ್ತ, ಸೂರ್ಯನ ಸುತ್ತ ಗ್ರಹದ ಹಾಗೆ. ಚೆಂದದ ಏರ್ಪಾಡು. ಆದರೆ ಸತ್ತ ಜಾಗ ಅಲ್ಲೂ ಬಿಡಲಿಲ್ಲ, ದಾಟಿಸಲು ಭಾರದ ಚಕ್ರ ಬೇಕೇ ಬೇಕಾಯಿತು.

ರೈಲಿನ ಉಗಿ ಎಂಜಿನ್ನಿಗೆ ಹಾಗೆ ಮಾಡಿದರೆ ಆಗದು. ಅದು ನಿಂತಲ್ಲಿಂದ ಪೂರ್ತಿ ಗಾಡಿ ಎಳೆಯಬೇಕು, ಚಕ್ರ ದೂಡಲು ಯಾರಿಗೆ ಸಾಧ್ಯ? ಅದಕ್ಕೇ ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಎಡಬಲದ ಕ್ರ್ಯಾಂಕುಗಳ ನಡುವೆ 90 ಡಿಗ್ರಿ ಅಂತರ ಇಟ್ಟರು. ಒಂದು ಸತ್ತ ಜಾಗದಲ್ಲಿದ್ದಾಗ ಇನ್ನೊಂದು ಪೂರ್ತಿ ಜೋರಿನಲ್ಲಿ ತಿರುಗಿಸುತ್ತಿರುತ್ತದೆ. ಸೈಕಲ್ಲಿನಲ್ಲಿ ಅಂತರ 180 ಡಿಗ್ರಿ. ಎರಡೂ ಪೆಡಲು ಒಟ್ಟಿಗೇ ಕೈಕೊಡುತ್ತವೆ. ಸಿಗ್ನಲ್ಲಿನಲ್ಲಿ ನಿಂತ ಸೈಕಲ್ ಸವಾರರನ್ನು ಗಮನಿಸಿ. ಹಸಿರು ದೀಪ ಬರುವ ಮೊದಲೇ ಪಾದದ ತುದಿಯಿಂದ ಪೆಡಲನ್ನು ಹಿಂದಕ್ಕೆ ತಿರುವಿ, ಮೇಲೆ ಮುಂಭಾಗಕ್ಕೆ ತಂದು ಇಟ್ಟುಕೊಂಡಿರುತ್ತಾರೆ.