ಮಿಲಿವೋಲ್ಟಿನ ಬೆನ್ನು ಹತ್ತಿ: ಇಸಿಜಿ ಗೆರೆ ಹಾಸನಕ್ಕೆ ಬಂದ ಹಾದಿ

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಯಾವ ಊರಿನ ಅರಳಿಕಟ್ಟೆಯಲ್ಲಿ ಕುಳಿತರೂ ಮಾತು ಒಂದೇ ಆಗಿತ್ತು. ಚೆನ್ನಾಗಿ ಓಡಾಡಿಕೊಂಡಿದ್ದವರು, ಇನ್ನೂ ಚಿಕ್ಕ ವಯಸ್ಸಿನವರು, ಇದ್ದಕ್ಕಿದ್ದಂತೆ ಕುಸಿದು ತೀರಿಕೊಂಡ ಸುದ್ದಿ ಮೇಲಿಂದ ಮೇಲೆ ಬರುತ್ತಿತ್ತು. ಟಿವಿ ಚಾನೆಲ್‌ಗಳು ಲೆಕ್ಕ ಇಡತೊಡಗಿದವು. ಜನ ಹೆದರಿದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗ್ಗೆ ಬೆಳಗ್ಗೆಯೇ ಸಾಲು ಬೆಳೆಯಿತು. ಎದೆನೋವು ಇದ್ದವರೂ ಬಂದರು, ಏನೂ ಇಲ್ಲದವರೂ ಬಂದರು. ಎಲ್ಲರಿಗೂ ಬೇಕಾಗಿದ್ದದ್ದು ಒಂದು ಇಸಿಜಿ ಮತ್ತು ‘ನಾರ್ಮಲ್’ ಎಂಬ ಒಂದು ಮಾತು.

ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ಸಮಿತಿ ರಚಿಸಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿ ಜುಲೈನಲ್ಲಿ ವರದಿ ಕೊಟ್ಟಿತು. ಅವುಗಳಲ್ಲಿ ನಾಲ್ಕಕ್ಕೆ ಕಾರಣ ಹೃದಯವಲ್ಲ. ಉಳಿದವುಗಳ ಹಿಂದೆ ಹೆಚ್ಚಾಗಿ ಕಂಡದ್ದು ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನದಂಥ ಹಳೆಯ ಕಾರಣಗಳೇ. ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿದೆ ಎನ್ನಲು ಆಧಾರ ಸಿಗಲಿಲ್ಲ. ಇಷ್ಟೆಲ್ಲ ಚರ್ಚೆಯಾದರೂ, ಆ ದಿನಗಳಲ್ಲಿ ಕೈಯಿಂದ ಕೈಗೆ ಓಡಾಡಿದ ಗುಲಾಬಿ ಚೌಕದ ಇಸಿಜಿ ಹಾಳೆ ಏನನ್ನು ಅಳೆಯುತ್ತದೆ, ಎಷ್ಟನ್ನು ಹೇಳಬಲ್ಲದು ಎಂಬುದರ ಕಡೆ ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ. ಆ ಹಾಳೆಯ ಹಿಂದೆ ಒಂದೂ ಕಾಲು ಶತಮಾನಕ್ಕೂ ಮೀರಿದ ಹೋರಾಟವಿದೆ. ಹೃದಯದಲ್ಲಿ ವಿದ್ಯುತ್ ಇದೆ ಎಂಬುದು ಬೇಗನೆ ಗೊತ್ತಾಯಿತು. ಅದನ್ನು ಬೇರೆ ವಿದ್ಯುತ್ತಿನ ಗದ್ದಲದ ನಡುವಿನಿಂದ ಕೆಡದಂತೆ ಎತ್ತಿಕೊಳ್ಳುವುದೇ ಕಷ್ಟವಾಗಿತ್ತು, ಈಗಲೂ ಅದೇ ಕಷ್ಟ.

ಮೊದಲು ಆ ವಿದ್ಯುತ್ತಿನ ಅಳತೆ ನೋಡೋಣ. ಹೃದಯದ ಸ್ನಾಯುಕೋಶ ಸುಮ್ಮನಿರುವಾಗ ಅದರ ಒಳಭಾಗ ಹೊರಗಿಗಿಂತ ಸುಮಾರು 90 ಮಿಲಿವೋಲ್ಟ್ ಋಣವಾಗಿರುತ್ತದೆ. ಹೃದಯದ ಬಲ ಮೇಲ್ಭಾಗದ ಒಂದು ಸಣ್ಣ ಗಂಟು ಚಾಲನೆ ಕೊಟ್ಟೊಡನೆ ಸೋಡಿಯಂ ಅಯಾನುಗಳು ಒಳನುಗ್ಗಿ ಈ ಸ್ಥಿತಿ ತಲೆಕೆಳಗಾಗುತ್ತದೆ. ಪಕ್ಕದ ಕೋಶ, ಅದರ ಪಕ್ಕದ ಕೋಶ, ಹೀಗೆ ಅಲೆ ಇಡೀ ಹೃದಯಕ್ಕೆ ಹರಡಿ, ಅದರ ಹಿಂದೆಯೇ ಸ್ನಾಯು ಬಿಗಿಯುತ್ತದೆ. ದೇಹದ ತುಂಬ ಇರುವುದು ಉಪ್ಪುನೀರಾದ್ದರಿಂದ ಆ ಅಲೆಯ ಒಂದಂಶ ಚರ್ಮದವರೆಗೂ ಬರುತ್ತದೆ. ಬರುವಷ್ಟರಲ್ಲಿ ಉಳಿಯುವುದು ಒಂದು ಮಿಲಿವೋಲ್ಟ್ ಆಸುಪಾಸು, ಅಂದರೆ ಗೋಡೆ ಗಡಿಯಾರದ ಸೆಲ್ಲಿನಲ್ಲಿರುವುದರ ಸಾವಿರದ ಐನೂರನೇ ಒಂದು ಪಾಲು. ಮಿದುಳಿನ ಸಂಕೇತ ಇನ್ನೂ ಸಣ್ಣದು, ನೆತ್ತಿಯ ಮೇಲೆ ಸಿಗುವುದು 10ರಿಂದ 100 ಮೈಕ್ರೋವೋಲ್ಟ್. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಇಇಜಿಯನ್ನು, ಅಂದರೆ ಮಿದುಳಿನ ವಿದ್ಯುತ್ತಿನ ಗೆರೆಯನ್ನು, ಮೊದಲ ಬಾರಿಗೆ ದಾಖಲಿಸಿ, ಅದನ್ನು ಪ್ರಕಟಿಸಲು 1929ರವರೆಗೆ ಕಾದರು. ಅಳೆದದ್ದು ನಿಜಕ್ಕೂ ಮಿದುಳಿನದ್ದೇ ಎಂದು ತಾವೇ ಖಚಿತಪಡಿಸಿಕೊಳ್ಳಲು ಅಷ್ಟು ಕಾಲ ಹಿಡಿಯಿತು.

ವಿದ್ಯುತ್ ತಗುಲಿ ಕಪ್ಪೆಯ ಕಾಲು ಸೆಟೆದದ್ದನ್ನು ಇಟಲಿಯ ಗಾಲ್ವಾನಿ ಕಂಡದ್ದು 18ನೇ ಶತಮಾನದ ಕೊನೆಯಲ್ಲಿ. ಕಪ್ಪೆಯ ಹೃದಯದ ಪ್ರತಿ ಬಡಿತಕ್ಕೂ ವಿದ್ಯುತ್ ಹರಿಯುತ್ತದೆ ಎಂದು ಇಟಲಿಯವರೇ ಆದ ಮ್ಯಾಟ್ಯೂಚಿ ತೋರಿಸಿದ್ದು 1842ರಲ್ಲಿ. ಆದರೆ ಎದೆ ಸೀಳದೆ, ಚರ್ಮದ ಮೇಲಿನಿಂದಲೇ ಮನುಷ್ಯನ ಹೃದಯದ ಗೆರೆ ಬರೆಸಿದವರು ಲಂಡನ್ನಿನ ಅಗಸ್ಟಸ್ ವಾಲರ್, 1887ರಲ್ಲಿ. ಅವರು ಬಳಸಿದ ಉಪಕರಣ ಕೂದಲೆಳೆಯಂಥ ಗಾಜಿನ ನಳಿಕೆಯಲ್ಲಿ ನಿಂತ ಪಾದರಸ. ವಿದ್ಯುತ್ ತಗುಲಿದಾಗ ಪಾದರಸ ಒಂದಿಷ್ಟು ಅಲುಗುತ್ತಿತ್ತು, ಆ ಅಲುಗಾಟದ ನೆರಳು ಫೋಟೊ ಫಲಕದ ಮೇಲೆ ಬೀಳುತ್ತಿತ್ತು. ತಮ್ಮ ನಾಯಿ ಜಿಮ್ಮಿಯ ಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಸಿ ನಿಲ್ಲಿಸಿ ಅವರು ಸಭೆಗಳಲ್ಲಿ ಇದನ್ನು ತೋರಿಸುತ್ತಿದ್ದರು. ಅದು ಪ್ರಾಣಿಹಿಂಸೆಯಲ್ಲವೇ ಎಂದು 1909ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲೇ ಪ್ರಶ್ನೆ ಎದ್ದಿತ್ತು. ಇಷ್ಟು ಮಾಡಿದ ವಾಲರ್‌ಗೇ ಆಸ್ಪತ್ರೆಗಳಲ್ಲಿ ಇದರ ಬಳಕೆ ವ್ಯಾಪಕವಾದೀತೆಂಬ ನಂಬಿಕೆ ಇರಲಿಲ್ಲ. ಅವರ ಅನುಮಾನಕ್ಕೆ ಕಾರಣವೂ ಇತ್ತು. ಪಾದರಸಕ್ಕೆ ತೂಕವಿದೆ, ಹೃದಯದ ವೇಗಕ್ಕೆ ಅದು ಓಡಲಾರದು. ಹಾಗಾಗಿ ಗೆರೆ ಮೊಂಡಾಗಿ ಬರುತ್ತಿತ್ತು.

ಈ ಮೊಂಡುತನದ ಬೆನ್ನು ಬಿದ್ದವರು ನೆದರ್ಲೆಂಡ್ಸ್‌ನ ವಿಲ್ಲೆಮ್ ಐಂಥೋವೆನ್. ಮೊದಲು ಅವರು ಲೆಕ್ಕದ ದಾರಿ ಹಿಡಿದರು. ಪಾದರಸ ಎಷ್ಟು ಹಿಂದೆ ಬೀಳುತ್ತದೆ ಎಂದು ಗೊತ್ತಿದ್ದರೆ ನಿಜವಾದ ಗೆರೆ ಹೇಗಿದ್ದಿರಬೇಕು ಎಂದು ಗಣಿತದಿಂದ ಹೊರತೆಗೆಯಬಹುದಲ್ಲ! ಹಾಗೆ ತಿದ್ದಿ ಬಂದ ಗೆರೆಯ ಏರಿಳಿತಗಳಿಗೇ ಅವರು ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟರು. ಇಂದು ಅರಕಲಗೂಡಿನಲ್ಲಿ ಇಸಿಜಿ ಓದುವ ವೈದ್ಯರ ಬಾಯಲ್ಲೂ ಅವೇ ಅಕ್ಷರ. ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ಇದೇ ದೊಡ್ಡ ಹೆಜ್ಜೆ, ಏಕೆಂದರೆ ಉಪಕರಣ ತೋರಿಸಿದ್ದನ್ನೇ ಸತ್ಯ ಎಂದುಕೊಳ್ಳದೆ ಉಪಕರಣದ ದೋಷವನ್ನೂ ಅವರು ಅಳೆದರು.

ಆಮೇಲೆ ಉಪಕರಣವನ್ನೇ ಬದಲಿಸಿದರು. ಬೆಳ್ಳಿಯ ಲೇಪ ಕೊಟ್ಟ, ಕಣ್ಣಿಗೆ ಕಾಣದಷ್ಟು ತೆಳುವಾದ ಸ್ಫಟಿಕ ಶಿಲೆಯ ಎಳೆಯೊಂದನ್ನು ದೊಡ್ಡ ವಿದ್ಯುತ್ಕಾಂತದ ಧ್ರುವಗಳ ನಡುವೆ ಬಿಗಿದರು. ಹೃದಯದ ವಿದ್ಯುತ್ ಹರಿದಾಗ ಎಳೆ ಪಕ್ಕಕ್ಕೆ ಸರಿಯುತ್ತದೆ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಸಿದ್ಧವಾದ ಈ ಯಂತ್ರದ ತೂಕ ಸುಮಾರು 270 ಕಿಲೋ. ನಡೆಸಲು ಐದು ಮಂದಿ ಬೇಕಿತ್ತು, ಕಾಂತ ಕಾಯದಂತೆ ನೀರು ಹರಿಸಬೇಕಿತ್ತು. ರೋಗಿ ಎರಡು ಕೈಗಳನ್ನೂ ಎಡಗಾಲನ್ನೂ ಉಪ್ಪುನೀರಿನ ಜಾಡಿಗಳಲ್ಲಿ ಇಟ್ಟು ಕೂರಬೇಕಿತ್ತು. ಇಷ್ಟು ಭಾರದ ಯಂತ್ರವನ್ನು ರೋಗಿಯ ಬಳಿಗೆ ಒಯ್ಯುವ ಮಾತೇ ಇರಲಿಲ್ಲ. ಹಾಗಾಗಿ 1905ರಲ್ಲಿ ಐಂಥೋವೆನ್ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯಲ್ಲಿ ಹೃದಯದ ಸಂಕೇತವನ್ನೇ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಬಂತು. 1930ರ ದಶಕದಲ್ಲಿ ಅಮೆರಿಕದ ಫ್ರಾಂಕ್ ವಿಲ್ಸನ್ ಎದೆಯ ಮೇಲಿನ ಲೀಡ್‌ಗಳಿಗೆ (ಲೀಡ್ ಎಂದರೆ ಹೃದಯವನ್ನು ಒಂದು ಕೋನದಿಂದ ನೋಡಿ ಬರೆದ ಗೆರೆ) ದಾರಿ ಮಾಡಿದರು, 1942ರಲ್ಲಿ ಗೋಲ್ಡ್‌ಬರ್ಗರ್ ಇನ್ನು ಮೂರು ಸೇರಿಸಿದರು. ಹತ್ತು ವೈರ್, ಹನ್ನೆರಡು ಲೀಡ್ ಎಂಬ ಇಂದಿನ ಪದ್ಧತಿ ಅಲ್ಲಿಗೆ ಪೂರ್ತಿಯಾಯಿತು.

ಈಗ ಮಲೆನಾಡಿನ ಒಂದು ಸಣ್ಣ ಆಸ್ಪತ್ರೆಯ ಇಸಿಜಿ ಕೋಣೆಗೆ ಬನ್ನಿ. ಸಿಸ್ಟರ್ ರೋಗಿಯ ಅಂಗಿ ತೆಗೆಸಿ, ಕೆಂಪು ವೈರಿನ ಕ್ಲಿಪ್ಪನ್ನು ಬಲಗೈಗೆ, ಹಳದಿಯದನ್ನು ಎಡಗೈಗೆ, ಹಸಿರನ್ನು ಎಡಗಾಲಿಗೆ, ಕಪ್ಪನ್ನು ಬಲಗಾಲಿಗೆ ಹಾಕುತ್ತಾರೆ. ಎದೆಗೆ ಜೆಲ್ ಸವರಿ ಆರು ರಬ್ಬರ್ ಬಲ್ಬುಗಳನ್ನು ಒತ್ತಿ ಕೂರಿಸುತ್ತಾರೆ. ನೋಡಲು ಐದು ನಿಮಿಷದ ಕೆಲಸ. ಆದರೆ ಕೆಂಪು ಹಳದಿ ಅದಲುಬದಲಾದರೆ ಒಂದನೇ ಲೀಡ್ ಪೂರ್ತಿ ತಲೆಕೆಳಗಾಗುತ್ತದೆ. ಜೆಲ್ಲನ್ನು ಉದ್ದಕ್ಕೂ ಬಳಿದರೆ ಅಕ್ಕಪಕ್ಕದ ಬಲ್ಬುಗಳ ಸಂಕೇತ ಒಂದರೊಳಗೊಂದು ಬೆರೆಯುತ್ತದೆ. ಎದೆಗೂದಲು ದಟ್ಟವಾಗಿದ್ದರೆ ಬಲ್ಬು ಚರ್ಮಕ್ಕೆ ಸರಿಯಾಗಿ ಕೂರುವುದಿಲ್ಲ. ಸಕಲೇಶಪುರದ ಜುಲೈ ಮಳೆಯಲ್ಲಿ ನೆನೆದು ಬಂದವರು ನಡುಗುತ್ತಿದ್ದರೆ ಕೈಕಾಲಿನ ಸ್ನಾಯುಗಳ ವಿದ್ಯುತ್ತೇ ಗೆರೆಯ ಮೇಲೆ ಗರಗಸದ ಹಲ್ಲಿನಂತೆ ಕೂರುತ್ತದೆ. ಆ ಸ್ನಾಯು ವಿದ್ಯುತ್ ತಾನೇ ಒಂದು ಪರೀಕ್ಷೆಯ ವಿಷಯ, ಅದನ್ನು ಅಳೆಯುವುದು ಇಎಂಜಿ. ಇಸಿಜಿ ತೆಗೆಯುವಾಗ ಮಾತ್ರ ಅದು ಕಸ. ಅದಕ್ಕೇ ಮೊದಲು ಮೈ ಒರೆಸಿ, ಕಂಬಳಿ ಹೊದಿಸಿ, ನಡುಕ ನಿಲ್ಲಿಸಬೇಕು.

ಎಲ್ಲಕ್ಕಿಂತ ದೊಡ್ಡ ಕಾಟ ಗೋಡೆಯೊಳಗಿನ ಕರೆಂಟು. ನಮ್ಮ ಮನೆಗಳ ವಿದ್ಯುತ್ ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ, ದೇಹ ಅದನ್ನು ಆಂಟೆನಾದಂತೆ ಹಿಡಿಯುತ್ತದೆ. ಎರಡು ಕೈಗಳಿಗೂ ಅದು ಹೆಚ್ಚುಕಡಿಮೆ ಸಮನಾಗಿ ಬರುವುದರಿಂದ, ಯಂತ್ರ ಒಂದರಿಂದ ಇನ್ನೊಂದನ್ನು ಕಳೆದು, ವ್ಯತ್ಯಾಸವನ್ನಷ್ಟೇ ಹಿಗ್ಗಿಸುತ್ತದೆ. ಬಲಗಾಲಿನ ಕಪ್ಪು ವೈರಿಗೂ ಇದರಲ್ಲಿ ಪಾತ್ರವಿದೆ. ಉಳಿದ ವೈರುಗಳಲ್ಲಿ ಒಂದೇ ಸಮ ಕಾಣುವ ಗದ್ದಲವನ್ನು ತಿರುಗುಮುರುಗು ಮಾಡಿ ಅದರ ಮೂಲಕ ದೇಹಕ್ಕೆ ಮರಳಿಸಿ ಯಂತ್ರ ಅದನ್ನು ತಗ್ಗಿಸುತ್ತದೆ. ಒಂದು ಕ್ಲಿಪ್ ಸಡಿಲವಾದರೂ ಈ ಸಮತೋಲ ಕೆಡುತ್ತದೆ, ಗೆರೆ ದಪ್ಪಗೆ ಝುಮ್ ಎನ್ನುತ್ತದೆ.

ಆಗ ಕೈ ಹೋಗುವುದು ಗದ್ದಲ ಸೋಸುವ ಫಿಲ್ಟರ್ ಗುಂಡಿಗೆ. ಗುಂಡಿ ಒತ್ತಿದೊಡನೆ ಗೆರೆ ನುಣುಪಾಗುತ್ತದೆ. ಅಪಾಯ ಇರುವುದೂ ಇಲ್ಲೇ. ಉಸಿರಾಟದಿಂದ ಗೆರೆ ತೇಲುವುದನ್ನು ತಡೆಯಲು ನಿಧಾನದ ಅಲೆಗಳನ್ನು ಅತಿಯಾಗಿ ಕತ್ತರಿಸಿದರೆ ಎಸ್ ಮತ್ತು ಟಿ ನಡುವಿನ ಭಾಗ ತಾನಾಗಿ ಮೇಲಕ್ಕೋ ಕೆಳಕ್ಕೋ ಸರಿಯಬಹುದು. ರಕ್ತನಾಳ ಪೂರ್ತಿ ಕಟ್ಟಿಕೊಂಡ ಹೃದಯಾಘಾತವನ್ನು ವೈದ್ಯರು ಹುಡುಕುವುದು ಅದೇ ಭಾಗದಲ್ಲಿ! ರೋಗನಿರ್ಣಯಕ್ಕೆ ಬಳಸುವ ಇಸಿಜಿಯಲ್ಲಿ 0.05ರಿಂದ 150 ಹರ್ಟ್ಸ್‌ವರೆಗಿನ (ಸೆಕೆಂಡಿಗೆ ಒಂದು ಆವರ್ತನವೆಂದರೆ ಒಂದು ಹರ್ಟ್ಸ್) ಅಲೆಗಳನ್ನು ಉಳಿಸಿಕೊಳ್ಳುವುದು ಇದಕ್ಕಾಗಿ. ಅಂದವಾದ ಗೆರೆಗಿಂತ ಪ್ರಾಮಾಣಿಕವಾದ ಗೆರೆ ಮುಖ್ಯ. ಕ್ಲಿಪ್ ಸರಿಪಡಿಸಿದರೆ ಹೋಗುವ ಗದ್ದಲಕ್ಕೆ ಫಿಲ್ಟರ್ ಮದ್ದಲ್ಲ.

ಇಂದಿನ ಯಂತ್ರಗಳು ಸಾಮಾನ್ಯವಾಗಿ ಸೆಕೆಂಡಿಗೆ 500 ಬಾರಿ ವೋಲ್ಟೇಜ್ ಅಳೆದು ಅಂಕಿಗಳಾಗಿ ಇಟ್ಟುಕೊಳ್ಳುತ್ತವೆ. ಆರ್ ಶಿಖರ ಎಲ್ಲಿದೆ ಎಂದು ತಾವಾಗಿ ಹುಡುಕುವ ಪ್ಯಾನ್ ಮತ್ತು ಟಾಂಪ್ಕಿನ್ಸ್ ಅವರ ವಿಧಾನ ಬಂದದ್ದು 1985ರಲ್ಲಿ. ಇಳಿಜಾರು ಲೆಕ್ಕಹಾಕು, ವರ್ಗ ಮಾಡು, ಸರಾಸರಿ ತೆಗೆ ಎಂಬ ಅದರ ಹಂತಗಳನ್ನು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಇಂದಿಗೂ ಕಲಿಯುತ್ತಾರೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ 1982ರಿಂದ 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳ ಕ್ಷೀಣ ಸಂಕೇತವನ್ನು ಗದ್ದಲದಿಂದ ಹೆಕ್ಕುತ್ತಾ ಬಂದಿದೆ. ಅದೇ ರಸ್ತೆಯ ಮಲೆನಾಡು ಎಂಜಿನಿಯರಿಂಗ್ ಕಾಲೇಜಿಗೆ ಅರವತ್ತು ದಾಟಿದೆ. ಸಂಕೇತ ಸಂಸ್ಕರಣೆಯ ಬುದ್ಧಿಗೆ ಈ ಜಿಲ್ಲೆಯಲ್ಲಿ ಕೊರತೆಯಿಲ್ಲ.

2024ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೊಡ್ಡ ಕೇಂದ್ರದ ತಜ್ಞರಿಗೆ ಹೋಗುತ್ತದೆ. ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತಾರೆ. ರಾತ್ರಿ ಹೊತ್ತು ಬೆಂಗಳೂರಿನ ದಾರಿ ಹಿಡಿಯಬೇಕಾದವರಿಗೆ ಇದು ಎಷ್ಟು ದೊಡ್ಡ ವಿಷಯವೆಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಕಡೆ ಕುಳಿತ ತಜ್ಞರಾಗಲಿ ಕಂಪ್ಯೂಟರಾಗಲಿ ಓದುವುದು ಈ ಕಡೆಯಿಂದ ಹೋದ ಗೆರೆಯನ್ನೇ. ಹಾಗಾಗಿ ಸವೆದ ಕ್ಲಿಪ್ಪು, ಸರಿಯಿಲ್ಲದ ಅರ್ಥಿಂಗ್, ತರಬೇತಿ ಪಡೆದ ಸಿಬ್ಬಂದಿಯ ಕೊರತೆ ಇವು ಸಣ್ಣ ವಿಷಯಗಳಲ್ಲ, ಯೋಜನೆ ನಿಂತಿರುವುದೇ ಇವುಗಳ ಮೇಲೆ.

ಇನ್ನು ಭಯದ ಸಾಲಿನಲ್ಲಿ ನಿಂತವರ ಮಾತು. ಮಾಮೂಲಿ ಇಸಿಜಿ ಎಂದರೆ ಹತ್ತು ಸೆಕೆಂಡಿನ ದಾಖಲೆ. ಆ ಹತ್ತು ಸೆಕೆಂಡಿನಲ್ಲಿ ಹೃದಯ ಹೇಗಿತ್ತು ಎಂದು ಅದು ಹೇಳುತ್ತದೆ, ನಾಳೆಯದನ್ನು ಹೇಳುವುದಿಲ್ಲ. ರಕ್ತನಾಳ ಅರ್ಧ ಕಟ್ಟಿಕೊಂಡಿದ್ದವರ ಇಸಿಜಿ ಕೂಡ ಆರಾಮವಾಗಿ ಮಲಗಿದ್ದಾಗ ನಾರ್ಮಲ್ ಬರಬಹುದು. ಎದೆನೋವು ಎಂದು ಬಂದವರಿಗೆ ಹತ್ತು ನಿಮಿಷದೊಳಗೆ ಮೊದಲ ಇಸಿಜಿ ಆಗಬೇಕು ಎನ್ನುವುದು ನಿಯಮ. ಅದು ಸರಿಯಿದ್ದು ನೋವು ಮುಂದುವರಿದರೆ ಸ್ವಲ್ಪ ಹೊತ್ತಿಗೆ ಮತ್ತೆ ತೆಗೆಯಬೇಕು, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ನೋಡಬೇಕು. ಒಂದೇ ಗೆರೆ ನೋಡಿ ‘ಗ್ಯಾಸ್ಟ್ರಿಕ್ ಇರಬೇಕು’ ಎಂದುಕೊಂಡು ಮನೆಗೆ ಹೊರಡುವುದು ಬೇಡ.

ಹಳೆಯ ಇಸಿಜಿಯನ್ನು ಎಸೆಯಬೇಡಿ. ಇಂದಿನ ಗೆರೆಯಲ್ಲಿ ಕಂಡ ಏರುಪೇರು ಹೊಸದೋ ಮೊದಲಿನಿಂದ ಇದ್ದದ್ದೋ ಎಂದು ತಿಳಿಯಲು ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಆಧಾರ ಮತ್ತೊಂದಿಲ್ಲ. ಬಹಳಷ್ಟು ಯಂತ್ರಗಳಲ್ಲಿ ಬಳಸುವುದು ಶಾಖಕ್ಕೆ ಕಪ್ಪಾಗುವ ಕಾಗದ. ಬಿಸಿಲು ಬಿದ್ದರೆ, ಪ್ಲಾಸ್ಟಿಕ್ ಕವರಿನಲ್ಲಿ ಬಹಳ ಕಾಲ ಇಟ್ಟರೆ ಗೆರೆ ಮಾಸಿಹೋಗುತ್ತದೆ. ತೆಗೆಸಿದ ದಿನವೇ ಒಂದು ಜೆರಾಕ್ಸ್ ಮಾಡಿಸಿ ದಿನಾಂಕ ಬರೆದಿಡಿ, ಮೊಬೈಲಿನಲ್ಲೂ ಒಂದು ಫೋಟೊ ಇರಲಿ.