ಸೆಕೆಂಡ್ ಹ್ಯಾಂಡ್ ಲಾರಿ ನೋಡುವ ಟಿಪ್ಪಣಿ: ಮೊದಲು ಅದು ಹೊತ್ತ ಲೋಡ್ ಕೇಳಿ

ಹಳೇ ಲಾರಿ ಪರೀಕ್ಷೆ ಮಾಡಲು ಕಲಿಯುವವರಿಗೆ ಎಲ್ಲರೂ ಒಂದು ಉದ್ದದ ಚೆಕ್‌ಲಿಸ್ಟ್ ಕೊಡುತ್ತಾರೆ. ಇಂಜಿನ್, ಗೇರ್ ಬಾಕ್ಸ್, ಬ್ರೇಕ್, ಟೈರ್, ಕಾಗದ ಪತ್ರ. ಪಟ್ಟಿ ತಪ್ಪೇನಲ್ಲ. ಆದರೆ ಅದನ್ನೇ ಹಿಡಿದು ಹೋದವರು ಎಲ್ಲವನ್ನೂ ಸ್ವಲ್ಪ ಸ್ವಲ್ಪ ನೋಡಿ, ನಿಜವಾಗಿ ಹಾಳಾದ ಜಾಗವನ್ನು ಬಿಟ್ಟು ಬರುತ್ತಾರೆ. ಅದಕ್ಕೇ ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ಈ ಗಾಡಿ ಇಷ್ಟು ವರ್ಷ ಏನು ಹೊತ್ತಿತ್ತು, ಎಲ್ಲಿ ಓಡಿತ್ತು? ಇದು ತಿಳಿದರೆ ಎಲ್ಲಿ ಬಗ್ಗಿ ನೋಡಬೇಕು ಅನ್ನುವುದೂ ತಿಳಿಯುತ್ತದೆ.

ಬೆಂಗಳೂರಿನ ಗಾಡಿಗಳನ್ನೇ ತೆಗೆದುಕೊಳ್ಳಿ. ಜಲ್ಲಿ, ಎಂ-ಸ್ಯಾಂಡ್ ಹೊಡೆದ ಟಿಪ್ಪರ್ ಕ್ವಾರಿಯ ಗುಂಡಿ ದಾರಿಯಲ್ಲಿ ಓಡಿರುತ್ತದೆ. ಅದರ ಚಾಸಿ (ಇಡೀ ಗಾಡಿ ಕೂತಿರುವ ಕಬ್ಬಿಣದ ಚೌಕಟ್ಟು) ಮತ್ತು ಕಮಾನು ಪ್ಲೇಟಿನ (ಲೋಡ್ ಹೊರುವ ಸ್ಪ್ರಿಂಗ್ ಪಟ್ಟಿ) ಮೇಲೆ ಅನುಮಾನ ಇರಬೇಕು. ಅಪಾರ್ಟ್‌ಮೆಂಟ್‌ಗಳಿಗೆ ನೀರು ಹೊಡೆದ ಟ್ಯಾಂಕರ್ ಲಾರಿಯ ಶತ್ರು ತುಕ್ಕು. ಕಲಾಸಿಪಾಳ್ಯ, ಯಶವಂತಪುರ ಎಪಿಎಂಸಿ ಕಡೆ ದಿನವಿಡೀ ನಿಂತು ನಿಂತು ಹೊರಡುವ ಸಣ್ಣ ಗಾಡಿಗೆ ಕಿಲೋಮೀಟರ್ ಕಡಿಮೆ ಇದ್ದರೂ ಕ್ಲಚ್, ಬ್ರೇಕ್, ಸೆಲ್ಫ್ (ಸ್ಟಾರ್ಟ್ ಮಾಡುವ ಮೋಟಾರ್) ಸವೆದಿರುತ್ತವೆ. ಮುಂಬೈ, ಹೈದರಾಬಾದ್ ಲೈನಿನಲ್ಲಿ ಪಾರ್ಸಲ್ ಹೊಡೆದ ಗಾಡಿಯ ಮೀಟರ್ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಒಂದೇ ವೇಗದಲ್ಲಿ, ಹದವಾದ ಬಿಸಿಯಲ್ಲಿ ಓಡಿದ ಇಂಜಿನ್ ಅದು. ಮೂರು ಲಕ್ಷ ಓಡಿದ ಟಿಪ್ಪರ್‌ಗಿಂತ ಐದು ಲಕ್ಷ ಓಡಿದ ಲೈನ್ ಗಾಡಿಯೇ ಎಷ್ಟೋ ಸಲ ವಾಸಿ. ಮೀಟರ್ ನೋಡಿ ಹೆದರುವವರೂ ತಪ್ಪು, ಮೀಟರ್ ನೋಡಿ ಖುಷಿಪಡುವವರೂ ತಪ್ಪು ಅಂತ ನನ್ನ ಅಭಿಪ್ರಾಯ. ಪೆಡಲ್ ರಬ್ಬರ್ ಪೂರ್ತಿ ನುಣ್ಣಗಾಗಿ, ಸ್ಟೀರಿಂಗ್ ಮೇಲಿನ ಗೆರೆಗಳೆಲ್ಲ ಅಳಿಸಿಹೋಗಿ, ಮೀಟರ್ ಮಾತ್ರ ತೊಂಬತ್ತು ಸಾವಿರ ತೋರಿಸುತ್ತಿದ್ದರೆ ಯಾವುದನ್ನು ನಂಬಬೇಕು ಅಂತ ಹೇಳಬೇಕಿಲ್ಲ ಅಲ್ವಾ?

ಓನರ್ ಅಥವಾ ಬ್ರೋಕರ್ ನಿಜ ಹೇಳುತ್ತಾರೆ ಅಂತ ಕಾಯಬೇಡಿ. ಎಲ್ಲ ಗಾಡಿಯೂ "ಬರೀ ಪಾರ್ಸಲ್ ಲೋಡ್ ಸಾರ್" ಗಾಡಿಯೇ. ಬಾಡಿಯ ಮೂಲೆಯಲ್ಲಿ, ಕ್ರಾಸ್ ಮೆಂಬರ್ (ಚಾಸಿಯ ಅಡ್ಡ ಕಬ್ಬಿಣ) ಸಂದಿಯಲ್ಲಿ ಬೆರಳು ಹಾಕಿ ನೋಡಿ. ಗಾಡಿ ಎಷ್ಟು ತೊಳೆದರೂ ಬೂದು ಬಣ್ಣದ ಎಂ-ಸ್ಯಾಂಡ್ ಪುಡಿ ಅಲ್ಲಿ ಉಳಿದಿರುತ್ತದೆ. ಚಾಸಿಯ ಮೇಲ್ಭಾಗದಲ್ಲಿ ಈಗಿನ ಬಾಡಿಯ ಜೊತೆ ಸಂಬಂಧವಿಲ್ಲದ ಬೋಲ್ಟ್ ತೂತುಗಳಿದ್ದರೆ ಮೊದಲು ಅಲ್ಲಿ ಬೇರೆ ಬಾಡಿ ಕೂತಿತ್ತು ಅಂತ ಅರ್ಥ. ಟ್ಯಾಂಕ್ ತೆಗೆದು ಓಪನ್ ಬಾಡಿ ಕಟ್ಟಿಸಿ ಮಾರುವುದು ಹೊಸದೇನಲ್ಲ. ತಪ್ಪೂ ಅಲ್ಲ, ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬಾಡಿ ಬದಲಾವಣೆ ಬರೆಸಿದ್ದರೆ. ಬರೆಸದಿದ್ದರೆ ಮುಂದಿನ ಎಫ್‌ಸಿಯಲ್ಲಿ (ಫಿಟ್‌ನೆಸ್ ಸರ್ಟಿಫಿಕೇಟ್ ಪರೀಕ್ಷೆ) ಆ ತಲೆನೋವು ನಿಮ್ಮದು.

ಚಾಸಿ

ಇಲ್ಲಿ ಹೆಚ್ಚು ಹೊತ್ತು ಕೊಡಿ. ಇಂಜಿನ್ ಕೆಲಸ ಮಾಡಿಸಬಹುದು, ಗೇರ್ ಬಾಕ್ಸ್ ಬದಲಿಸಬಹುದು. ಚಾಸಿ ಹೋದರೆ ಗಾಡಿಯೇ ಹೋದಂತೆ.

ಮೊದಲು ಗಾಡಿಯ ಹಿಂದೆ ಕುಕ್ಕುರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಉದ್ದದ ಕಬ್ಬಿಣದ ಅಂಚಿನ ಮೇಲೆ ನೋಟ ಹಾಯಿಸಿ. ಎಡ, ಬಲ ಎರಡೂ ನೇರವಾಗಿರಬೇಕು. ನಡುವೆ ಕುಸಿದಿದ್ದರೆ, ಒಂದು ಕಡೆ ವಾಲಿದ್ದರೆ ಓವರ್‌ಲೋಡ್ ಇಲ್ಲವೇ ಆಕ್ಸಿಡೆಂಟ್. ಆಮೇಲೆ ಟಾರ್ಚ್ ಹಿಡಿದು ಕೆಳಗೆ ಹೋಗಿ. ಕಮಾನು ಪ್ಲೇಟಿನ ಬ್ರಾಕೆಟ್ ಚಾಸಿಗೆ ಸೇರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಇರಬಹುದು. ಬರಿಗಣ್ಣಿಗೆ ಬಿರುಕು ಸುಲಭಕ್ಕೆ ಕಾಣುವುದಿಲ್ಲ. ಕಾಣುವುದು ಅದರಿಂದ ಇಳಿದ ಕೆಂಪು ತುಕ್ಕಿನ ಗೆರೆ. ರಿವಿಟ್ ತಲೆಯ ಸುತ್ತ ಕೆಂಪು ಪುಡಿ ಉಂಗುರದಂತೆ ಕೂತಿದ್ದರೆ ಆ ರಿವಿಟ್ ಸಡಿಲಾಗಿ ಅಲ್ಲಾಡುತ್ತಿದೆ ಎಂದರ್ಥ. ಟ್ಯಾಂಕರ್ ಆಗಿದ್ದ ಗಾಡಿಯಲ್ಲಿ ವಾಲ್ವ್ ಇದ್ದ ಜಾಗದ ಕೆಳಗೆ, ಎರಡು ಪದರ ತಗಡು ಒಂದರ ಮೇಲೊಂದು ಕೂತ ಕಡೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತುಕ್ಕು ತಿಂದದ್ದು ಹಪ್ಪಳದ ಹಾಗೆ ಪದರ ಪದರವಾಗಿ ಉದುರುತ್ತದೆ.

ಚಾಸಿಗೆ ವೆಲ್ಡಿಂಗ್ ಕಂಡರೆ ಯಾಕೆ ಮಾಡಿಸಿದ್ದು ಅಂತ ಕೇಳಿ. ಮೇಲಿಂದ ಕೆಳಗಿನವರೆಗೆ ಅಡ್ಡಲಾಗಿ ವೆಲ್ಡ್ ಆಗಿದ್ದರೆ ನಾನಂತೂ ಮುಂದೆ ನೋಡಲು ಹೋಗುವುದಿಲ್ಲ. ಗಾಡಿ ಹಳೆಯದು, ಕೆಳಗಡೆ ಮಾತ್ರ ನಿನ್ನೆ ಬಳಿದ ಕಪ್ಪು ಪೇಂಟ್. ಇದು ಇನ್ನೊಂದು ಗುರುತು. ಪೇಂಟ್ ಮಾಡಿಸುವುದು ತಪ್ಪಲ್ಲ, ಆದರೆ ಎಫ್‌ಸಿಗೆ ಹೋಗುವ ಹೊತ್ತೂ ಅಲ್ಲದೆ ಸುಮ್ನೆ ಯಾರೂ ಚಾಸಿಗೆ ಪೇಂಟ್ ಹೊಡೆಸುವುದಿಲ್ಲ.

ಹಿಂದಿನ ಕಮಾನು ಪ್ಲೇಟುಗಳನ್ನು ಎಣಿಸಿ. ಎಡಕ್ಕೂ ಬಲಕ್ಕೂ ಒಂದೇ ಲೆಕ್ಕ ಇರಬೇಕು. ಒಂದೆರಡು ಪ್ಲೇಟ್ ಹೊಸದಾಗಿ, ಬೇರೆ ಬಣ್ಣದಲ್ಲಿದ್ದರೆ ಓವರ್‌ಲೋಡಿಗೆಂದೇ ಸೇರಿಸಿದ್ದಿರಬಹುದು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆ್ಯಕ್ಸಲ್ (ಎರಡೂ ಬದಿಯ ಚಕ್ರ ಜೋಡಿಸುವ ಅಚ್ಚು) ತೂಕದ ಮಿತಿ ಏರಿಸಿತು. ನಾಲ್ಕು ಟೈರಿನ ಹಿಂದಿನ ಆ್ಯಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು. ಆರು ಟೈರಿನ ಲಾರಿಯ ಒಟ್ಟು ತೂಕ 16.2ರಿಂದ 18.5 ಟನ್‌ಗೆ ಹೋಯಿತು. ಆದರೂ ನಿಮಗೆ ಅನ್ವಯಿಸುವುದು ನಿಮ್ಮ ಗಾಡಿಯ ಆರ್‌ಸಿಯಲ್ಲಿರುವ ತೂಕವೇ. ಆದ್ದರಿಂದ ಖಾಲಿ ಗಾಡಿಯನ್ನು ಹತ್ತಿರದ ವೇಬ್ರಿಡ್ಜ್‌ಗೆ ಹತ್ತಿಸಿ. ಚೀಟಿಯ ತೂಕವನ್ನು ಆರ್‌ಸಿಯ ಖಾಲಿ ತೂಕದ ಪಕ್ಕ ಇಡಿ. ದಪ್ಪ ತಗಡಿನ ಬಾಡಿ, ಹೆಚ್ಚುವರಿ ಪ್ಲೇಟ್ ಸೇರಿ ಗಾಡಿ ಒಂದು ಟನ್ ಜಾಸ್ತಿ ತೂಗಿದರೆ, ಪ್ರತಿ ಟ್ರಿಪ್ಪಿನಲ್ಲೂ ಒಂದು ಟನ್ ಬಾಡಿಗೆ ನಿಮಗೆ ಕೈ ತಪ್ಪುತ್ತದೆ. ಓವರ್‌ಲೋಡ್ ಹಾಕಿ ಸರಿದೂಗಿಸುತ್ತೇನೆ ಅಂದರೆ 20,000 ರೂಪಾಯಿ ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000. ಇಷ್ಟು ಸಣ್ಣ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಅದೇ ಆಶ್ಚರ್ಯ.

ಇಂಜಿನ್: ತಣ್ಣಗಿದ್ದಾಗಲೇ ನೋಡಿ

ಎಂಟು ಗಂಟೆಗೆ ಬರುತ್ತೇನೆ ಅಂದಿದ್ದರೆ ಏಳೂವರೆಗೆ ಹೋಗಿ. ಮೊದಲು ರೇಡಿಯೇಟರ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ಬಿಸಿ ಇಂಜಿನ್ ಎಷ್ಟೋ ರೋಗ ಮುಚ್ಚಿಡುತ್ತದೆ. ಡಿಸೆಂಬರ್, ಜನವರಿಯ ಬೆಂಗಳೂರು ಬೆಳಗು ಈ ಪರೀಕ್ಷೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಸ್ಟಾರ್ಟ್ ಮಾಡುವ ಮೊದಲೇ ಡಿಪ್ ಸ್ಟಿಕ್ ಎಳೆದು ನೋಡಿ. ಆಯಿಲ್ ಕಪ್ಪಗಿದ್ದರೆ ಚಿಂತೆ ಇಲ್ಲ, ಡೀಸೆಲ್ ಇಂಜಿನ್ನಿನ ಆಯಿಲ್ ಬೇಗ ಕಪ್ಪಾಗುತ್ತದೆ. ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ: ಹೆಡ್ ಗ್ಯಾಸ್ಕೆಟ್ ಅಥವಾ ಅದಕ್ಕಿಂತ ದೊಡ್ಡ ಖರ್ಚು. ಕೂಲೆಂಟ್ ಮೇಲೆ ಎಣ್ಣೆ ತೇಲುತ್ತಿದ್ದರೂ ಅನುಮಾನ ಅದೇ ಕಡೆ ಹೋಗಬೇಕು.

ಈಗ ಸ್ಟಾರ್ಟ್. ಹೊಗೆ ನೋಡಿ. ಆಕ್ಸಿಲೇಟರ್ ಒತ್ತಿದಾಗ ಕಪ್ಪು ಹೊಗೆ ಬಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ಕೆಲವೊಮ್ಮೆ ಏರ್ ಫಿಲ್ಟರ್ ಬದಲಿಸಿದರೆ ಮುಗಿಯಿತು, ಕೆಲವೊಮ್ಮೆ ನಾಝಲ್, ಟರ್ಬೊ ತನಕ ಹೋಗುತ್ತದೆ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಚಳಿಯಲ್ಲಿ ಮೊದಲ ಒಂದೆರಡು ನಿಮಿಷ ಬಿಳಿ ಹೊಗೆ ಸಹಜ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಸಹಜ ಅಲ್ಲ.

ಆಮೇಲೆ ಮೇಸ್ತ್ರಿಗಳು ಬ್ಯಾಕ್ ಕಂಪ್ರೆಷನ್ ಅನ್ನುತ್ತಾರಲ್ಲ, ಅದು. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದೇ ತೂತಿನ ಮೇಲೆ ತಲೆಕೆಳಗಾಗಿ ಸುಮ್ನೆ ಇಡಿ. ಸ್ವಲ್ಪ ನಡುಗಿದರೆ ಪರವಾಗಿಲ್ಲ. ಕುಣಿದು ಪಕ್ಕಕ್ಕೆ ಬಿದ್ದರೆ, ತೂತಿನಿಂದ ಬುಸುಬುಸು ಹೊಗೆ ಎದ್ದರೆ, ಪಿಸ್ಟನ್ ರಿಂಗ್ ಸವೆದು ಗ್ಯಾಸ್ ಕೆಳಗೆ ಇಳಿಯುತ್ತಿದೆ. ಇಂಜಿನ್ ಕೆಲಸದ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಿ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್‌6 (ಹೊಗೆ ಮಾಲಿನ್ಯದ ಹೊಸ ನಿಯಮ) ಗಾಡಿಗಳಲ್ಲಿ ಇನ್ನೊಂದು ಕೆಲಸ ಇದೆ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳು ಒಮ್ಮೆ ಹತ್ತಬೇಕು, ಇಂಜಿನ್ ಶುರುವಾದ ಮೇಲೆ ಆರಬೇಕು. ಚೆಕ್ ಇಂಜಿನ್ ದೀಪ ಹತ್ತಲೇ ಇಲ್ಲ ಅಂದರೆ ಖುಷಿಪಡಬೇಡಿ, ದೀಪವನ್ನೇ ಕಿತ್ತಿರಬಹುದು. ಡಿಇಎಫ್ (ಹೊಗೆ ಶುದ್ಧ ಮಾಡುವ ಯೂರಿಯಾ ದ್ರವ) ಬಳಸುವ ಮಾಡೆಲ್ ಆಗಿದ್ದರೆ ಅದರ ಟ್ಯಾಂಕ್ ಮುಚ್ಚಳ ತೆಗೆಯಿರಿ. ದಿನಾ ಬಳಸಿದ್ದಕ್ಕೆ ಮುಚ್ಚಳದ ಸುತ್ತ ಬಿಳಿ ಉಪ್ಪಿನಂಥ ಹರಳು ಇರುತ್ತದೆ. ಟ್ಯಾಂಕ್ ಒಣಗಿದೆ, ದೀಪವೂ ಇಲ್ಲ, ಗಾಡಿ ಆರಾಮಾಗಿ ಓಡುತ್ತಿದೆ ಅಂದರೆ ಯಾರೋ ಸಿಸ್ಟಮ್‌ಗೆ ಕೈ ಹಾಕಿದ್ದಾರೆ. ಸ್ಕ್ಯಾನರ್ ಇರುವ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಲು ಇದೇ ಕಾರಣ.

ಬ್ರೇಕ್, ಚಕ್ರ, ಟೈರ್

ಏರ್ ಬ್ರೇಕ್ ಗಾಡಿಯಲ್ಲಿ ಗಾಳಿ ತುಂಬಿಸಿ ಇಂಜಿನ್ ಆಫ್ ಮಾಡಿ. ಚಕ್ರಗಳಿಗೆ ಅಡ್ಡ ಕಲ್ಲು ಕೊಡುವುದನ್ನು ಮರೆಯಬೇಡಿ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ನೀವು ಗಾಳಿ ಒತ್ತಡದ ಮೀಟರ್ ನೋಡಿ, ಕೆಳಗೆ ಕಿವಿ ಕೊಡಿ. ಮುಳ್ಳು ಕಣ್ಣೆದುರೇ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಸುಯ್ ಅನ್ನುವ ಸದ್ದು ಜಾಗ ತೋರಿಸುತ್ತದೆ. ನಂತರ ಏರ್ ಟ್ಯಾಂಕಿನ ಕೆಳಗಿನ ಡ್ರೈನ್ ವಾಲ್ವ್ ಎಳೆಯಿರಿ. ಸ್ವಲ್ಪ ನೀರು ಬರುವುದು ಮಾಮೂಲು. ಆಯಿಲ್ ಬೆರೆತ ಜಿಡ್ಡು ಬಂದರೆ ಕಂಪ್ರೆಸರ್ ಸವೆದಿದೆ.

ಮುಂದಿನ ಚಕ್ರವನ್ನು ಜಾಕ್ ಹಾಕಿ ಎತ್ತಿ. ಟೈರನ್ನು ಮೇಲೆ, ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ) ಇದೆಯಾ? ಹಾಗಾದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಅಲ್ಲಾಡಿಸಿ. ಆಟ ನಿಂತುಹೋದರೆ ತೊಂದರೆ ವೀಲ್ ಬೇರಿಂಗ್‌ದು, ಬೇರಿಂಗ್ ಟೈಟ್ ಮಾಡಿದರೆ ಸಾಕಾಗಬಹುದು. ಬ್ರೇಕ್ ಒತ್ತಿದರೂ ಆಟ ಉಳಿದರೆ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ತಿರುಗಲು ಆಧಾರವಾದ ಪಿನ್, ಸವೆದಿದೆ. ಜಾಕ್ ಒಂದು, ಇನ್ನೊಬ್ಬರ ಕಾಲು ಒಂದು, ಇಷ್ಟರಲ್ಲೇ ಎರಡು ರೋಗ ಬೇರೆ ಬೇರೆಯಾಗಿ ಗೊತ್ತಾಗುತ್ತವೆ. ಕಲಿಯುವವರು ಮೊದಲು ಕೈಗೂಡಿಸಿಕೊಳ್ಳಬೇಕಾದ ಪರೀಕ್ಷೆ ಇದು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಿಯಮದ ಪ್ರಕಾರ ಲಾರಿ ಟೈರಿನ ಗೆರೆಗಳ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಹಿಂದಿನ ಜೋಡಿ ಚಕ್ರದಲ್ಲಿ ಹೊರಗಿನದು ಹೊಳೆಯುತ್ತಿರುತ್ತದೆ. ಸವೆದದ್ದು, ರೀಸೋಲ್ ಮಾಡಿದ್ದು (ಹಳೇ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದು) ಒಳಗಡೆ ಅಡಗಿರುತ್ತದೆ, ಟಾರ್ಚ್ ಹಾಕಿ. ಸ್ಟೆಪ್ನಿಯನ್ನೂ ಬಿಡಬೇಡಿ. ಟೈರ್ ನಂಬರ್‌ಗಳನ್ನು, ಬ್ಯಾಟರಿಯನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಅಡ್ವಾನ್ಸ್ ಕೊಟ್ಟ ದಿನ ಇದ್ದ ಟೈರ್ ಡೆಲಿವರಿ ದಿನ ಬದಲಾಗಿರುವುದುಂಟು.

ಓಡಿಸಿ ನೋಡುವಾಗ ಆದಷ್ಟು ಲೋಡ್ ಹಾಕಿಸಿ. ಖಾಲಿ ಲಾರಿ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ನಗರದೊಳಗೆ ದೊಡ್ಡ ಗಾಡಿಗೆ ಹಗಲು ಹೊತ್ತಿನ ನಿರ್ಬಂಧ ಇರುವುದರಿಂದ ನೆಲಮಂಗಲ ಅಥವಾ ಹೊಸಕೋಟೆ ಕಡೆ ಹೋಗುವುದು ಒಳ್ಳೆಯದು. ಏರಿನಲ್ಲಿ ಇಂಜಿನ್ ಕಿರುಚಿ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಆಕ್ಸಿಲೇಟರ್ ಬಿಟ್ಟಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬಂದರೆ ಗೇರ್ ಬಾಕ್ಸ್ ಬಿಚ್ಚಲೇಬೇಕು. ಹಿಂದಿನ ಆ್ಯಕ್ಸಲ್ ಹೌಸಿಂಗ್‌ನಿಂದ ಬರುವ ಗುಂಯ್ ಸದ್ದು ವೇಗಕ್ಕೆ ತಕ್ಕಂತೆ ಏರಿದರೆ ಅದರೊಳಗಿನ ಕ್ರೌನ್ ಗೇರ್ ಕಡೆ ಗಮನ ಕೊಡಿ.

ಕಾಗದ

ಚಾಸಿ ನಂಬರ್ ಮೇಲೆ ತೆಳು ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. 17 ಅಕ್ಷರ, ಅಂಕಿಗಳ ಈ ನಂಬರಿನಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಕೊರೆದ ಸಾಲು ಸೊಟ್ಟಗಿದ್ದರೆ, ಸುತ್ತ ಗ್ರೈಂಡಿಂಗ್ ಗುರುತಿದ್ದರೆ ಅಲ್ಲಿಗೇ ನಿಲ್ಲಿಸಿ.

ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಫೈನಾನ್ಸ್, ಎಫ್‌ಸಿ, ಇನ್ಶೂರೆನ್ಸ್, ಟ್ಯಾಕ್ಸ್ ಯಾವ ದಿನಾಂಕದವರೆಗೆ ಇದೆ ಅಂತ ನೋಡಿ, ಬಾಕಿ ಚಲನ್ ಕೂಡ. ಸಾಲ ತೀರಿದೆ ಅನ್ನುವ ಬಾಯಿಮಾತು ಬೇಡ. ಬ್ಯಾಂಕಿನ ಎನ್‌ಒಸಿ ಮತ್ತು ಸಹಿಯಾದ ಫಾರಂ 35 ಕೈಯಲ್ಲಿರಲಿ. ಹೆಸರು ಬದಲಿಸಲು ಫಾರಂ 29, 30. ತಮಿಳುನಾಡು, ಆಂಧ್ರ ನಂಬರಿನ ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ಕಟ್ಟುವ ಟ್ಯಾಕ್ಸನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ವಯಸ್ಸಿನ ಲೆಕ್ಕವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಎಂಟು ವರ್ಷ ಆಗುವ ತನಕ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಬೇರೆ ರಾಜ್ಯಗಳಿಗೆ ಓಡಿಸಲು ಬೇಕಾದ ನ್ಯಾಷನಲ್ ಪರ್ಮಿಟ್ ಎರಡು ಆ್ಯಕ್ಸಲ್ (ಆರು ಟೈರಿನ) ಲಾರಿಗೆ 12 ವರ್ಷ, ಮಲ್ಟಿ ಆ್ಯಕ್ಸಲ್‌ಗೆ 15 ವರ್ಷ ತನಕ ಮಾತ್ರ. ಹನ್ನೊಂದು ವರ್ಷದ ಆರು ಟೈರಿನ ಲಾರಿ ಕೊಂಡು ಮುಂಬೈ ಲೈನ್ ಓಡಿಸುತ್ತೇನೆ ಅಂದರೆ ಕೈಯಲ್ಲಿರುವುದು ಒಂದೇ ವರ್ಷ. ಅದೇ ಗಾಡಿಯನ್ನು ಪೀಣ್ಯದಿಂದ ತುಮಕೂರಿಗೆ ಓಡಿಸುವವರಿಗೆ ಈ ಮಿತಿ ಅಡ್ಡ ಬರುವುದಿಲ್ಲ. ಹಾಗಾಗಿ ಬೆಲೆ ಕೇಳುವ ಮೊದಲು ನಿಮ್ಮ ರೂಟ್ ಯಾವುದು ಅಂತ ನೀವೇ ನಿರ್ಧರಿಸಿಕೊಂಡಿರಬೇಕು.

ಗಾಡಿ ಕೈಗೆ ಬರುವ ದಿನ ಡೆಲಿವರಿ ನೋಟ್‌ನಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಸಿ, ಇಬ್ಬರೂ ಸಹಿ ಹಾಕಿ. ಅವತ್ತು ಬೆಳಗ್ಗೆ ಮಾರಿದವರಿಗೆ ಬಿದ್ದ ಚಲನ್ ಸಂಜೆ ನಿಮ್ಮ ಮೇಲೆ ಬರಬಾರದಲ್ಲ. ಹಳೇ ಓನರ್ ಫಾಸ್ಟ್ಯಾಗ್ ಕ್ಲೋಸ್ ಮಾಡಿಸಲಿ, ನೀವು ನಿಮ್ಮ ಹೆಸರಿನಲ್ಲಿ ಹೊಸದು ಮಾಡಿಸಿ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ ಕೊಡಬೇಕು.