ನೀರಿನ ಸಿಗ್ನಲ್ ನಂಬಿ ವರದಿ ಬರೆಯಬೇಡಿ

ಕಾಂತೀಯ ಕಣ ಚಿತ್ರಣ, ಅಂದರೆ ಮೈಯೊಳಗೆ ಸೇರಿಸಿದ ಕಾಂತೀಯ ಕಣಗಳ ಸಿಗ್ನಲ್‌ನಿಂದಲೇ ಚಿತ್ರ ತೆಗೆಯುವ ಸ್ಕ್ಯಾನಿಂಗ್. ಅದಕ್ಕೆಂದು ನ್ಯಾನೋಕಣ ಮಾಡುವವರಲ್ಲಿ ಜಾಸ್ತಿ ಜನ ಒಂದೇ ಕಡೆ ಎಡವುತ್ತಾರೆ. ಕಣಗಳನ್ನು ನೀರಿನಲ್ಲಿಟ್ಟು ಅಳೆಯುತ್ತಾರೆ. ಸಿಗ್ನಲ್ ಚೆನ್ನಾಗಿ ಬರುತ್ತದೆ. ದೇಹದೊಳಗೂ ಹೀಗೇ ಬರುತ್ತದೆ ಎಂದು ಬರೆದುಬಿಡುತ್ತಾರೆ. ಎಷ್ಟು ಸಲ ಹೇಳಿದರೂ ಇದು ನಿಂತಿಲ್ಲ.

ಕಾಂತಕ್ಷೇತ್ರ ಬದಲಾದಾಗ ಕಣಕ್ಕೆ ಎರಡು ದಾರಿಗಳಿವೆ. ಇಡೀ ಕಣವೇ ದ್ರವದಲ್ಲಿ ತಿರುಗಬಹುದು, ಇದು ಬ್ರೌನ್ ದಾರಿ. ಕಣ ಇದ್ದಲ್ಲೇ ಇದ್ದು ಒಳಗಿನ ಕಾಂತತ್ವ ಮಾತ್ರ ಹೊರಳಬಹುದು, ಇದು ನೀಲ್ ದಾರಿ. ತುಂಬಿದ ಬಸ್ಸಿನಲ್ಲಿ ಮೈ ತಿರುಗಿಸಲು ಆಗುವುದಿಲ್ಲ, ಕತ್ತು ತಿರುಗಿಸಬಹುದು, ಹಾಗೆ. ಯಾವುದು ಬೇಗವೋ ಅದೇ ಗೆಲ್ಲುತ್ತದೆ.

ಬ್ರೌನ್ ದಾರಿಗೆ ಲೆಕ್ಕಕ್ಕೆ ಬರುವುದು ಹೊದಿಕೆಯೂ ಸೇರಿದ ಪೂರ್ತಿ ಗಾತ್ರ, ಜೊತೆಗೆ ದ್ರವ ಎಷ್ಟು ಮಂದ ಎನ್ನುವುದು. ನೀಲ್ ದಾರಿಗೆ ಒಳಗಿನ ಕಬ್ಬಿಣದ ಆಕ್ಸೈಡ್ ತಿರುಳು ಮಾತ್ರ ಮುಖ್ಯ. ತಿರುಳು ದೊಡ್ಡದಾದಂತೆ ಹೊರಳಲು ಬೇಕಾದ ಸಮಯ ಏರುವ ವೇಗ ನೋಡಿದರೆ ದಿಗಿಲಾಗುತ್ತದೆ. ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ತಿರುಳು 10 ನ್ಯಾನೋಮೀಟರ್ ಇದ್ದರೆ ಕೆಲವು ನ್ಯಾನೋಸೆಕೆಂಡ್ ಸಾಕು. 20 ಆದರೆ ಸುಮಾರು ಅರ್ಧ ಮಿಲಿಸೆಕೆಂಡ್. 25 ಆದರೆ ನಿಮಿಷಗಳ ಲೆಕ್ಕ! ಇವು ಕ್ಷೇತ್ರವಿಲ್ಲದಾಗಿನ ಅಂದಾಜು ಅಷ್ಟೇ, ಕಣದ ಆಕಾರ ಸ್ವಲ್ಪ ಬದಲಾದರೂ ಅಂಕಿ ಎಷ್ಟೋ ಪಟ್ಟು ಆಚೀಚೆ ಆಗಬಹುದು.

ಈಗ ಆ 25ರ ತಿರುಳಿಗೆ ಹೊದಿಕೆ ಸೇರಿ ಒಟ್ಟು 50 ನ್ಯಾನೋಮೀಟರ್ ಎಂದುಕೊಳ್ಳಿ. ನೀರಿನಲ್ಲಿ ಅದು ಸುಮಾರು 50 ಮೈಕ್ರೋಸೆಕೆಂಡಿನಲ್ಲಿ ತಿರುಗುತ್ತದೆ. ನೀವು ಶೀಷೆಯಲ್ಲಿ ಕಂಡದ್ದು ಹೆಚ್ಚಾಗಿ ಇದನ್ನೇ. ರಕ್ತಕ್ಕೆ ಸೇರಿದ ಕಣಗಳನ್ನು ಯಕೃತ್ತಿನ ಕುಪ್ಫರ್ ಕೋಶಗಳು ಬೇಗ ನುಂಗಿ ಒತ್ತೊತ್ತಾಗಿ ತುಂಬಿಕೊಳ್ಳುತ್ತವೆ. ಅಲ್ಲಿಗೆ ಬ್ರೌನ್ ದಾರಿ ಹೆಚ್ಚುಕಡಿಮೆ ಬಂದ್. ಉಳಿದದ್ದು ನೀಲ್ ದಾರಿ. ಹ್ಯಾಂಬರ್ಗ್‌ನ ಫಿಲಿಪ್ಸ್ ಪ್ರಯೋಗಾಲಯದ ಗ್ಲೈಶ್ ಮತ್ತು ವೈಜೆನೆಕರ್ 2005ರಲ್ಲಿ ಪ್ರಕಟಿಸಿದ ಕಾಂತೀಯ ಕಣ ಚಿತ್ರಣ ಇದೆಯಲ್ಲ, ಅದರಲ್ಲಿ ಕ್ಷೇತ್ರ ಸಾಮಾನ್ಯವಾಗಿ 25 ಕಿಲೋಹರ್ಟ್ಜ್‌ನಲ್ಲಿ ತೂಗುತ್ತದೆ. ಒಂದು ಸುತ್ತಿಗೆ 40 ಮೈಕ್ರೋಸೆಕೆಂಡ್. ಅಷ್ಟು ಬೇಗ ಹೊರಳಲಾಗದೆ ಹಿಂದೆ ಬಿದ್ದ ಕಣದಿಂದ ಸಿಗ್ನಲ್ ಕುಗ್ಗುತ್ತದೆ, ಚಿತ್ರ ಮಸುಕಾಗುತ್ತದೆ. ಸ್ಕ್ಯಾನರ್‌ನ ಬಲವಾದ ಕ್ಷೇತ್ರ ನೀಲ್ ದಾರಿಯನ್ನು ಸ್ವಲ್ಪ ಸಲೀಸು ಮಾಡುತ್ತದೆ ನಿಜ. ಎಷ್ಟು ಸಲೀಸು ಎಂಬುದನ್ನು ಅಳೆದೇ ತಿಳಿಯಬೇಕು, ಊಹೆ ಬೇಡ.

ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ತುಂಬಾ ಚುರುಕಾದ ಹುಡುಗಿ, ಕೋಶದೊಳಗಿನಂತೆ ಕಣ ತಿರುಗದಿರಲಿ ಎಂದು ಅಗರೋಸ್ ಜೆಲ್‌ನಲ್ಲಿ (ಜೆಲ್ಲಿಯಂಥ ವಸ್ತು) ಹಿಡಿದಿಟ್ಟು ತಂದಿದ್ದಳು. ‘ನೋಡಿ ಸರ್, ಸಿಗ್ನಲ್ ಬದಲಾಗಲೇ ಇಲ್ಲ’ ಎಂದಳು. ಬದಲಾಗುವುದಾದರೂ ಹೇಗೆ? ತೆಳು ಜೆಲ್‌ನ ರಂಧ್ರಗಳು ನೂರಾರು ನ್ಯಾನೋಮೀಟರ್ ಇರುತ್ತವೆ. ಅದರೊಳಗಿನ ನೀರಿನಲ್ಲಿ ಕಣ ಆರಾಮಾಗಿ ತಿರುಗುತ್ತಲೇ ಇತ್ತು. ಸಕ್ಕರೆ ದ್ರಾವಣದಲ್ಲಿ ಬೆರೆಸಿ ಫ್ರೀಜ್ ಡ್ರೈ ಮಾಡಿಸಿದೆ, ಅಂದರೆ ಹೆಪ್ಪುಗಟ್ಟಿಸಿ ನೀರು ತೆಗೆಸಿದೆ. ಕಣ ತಿರುಗಲಾಗದಂತೆ ಗಟ್ಟಿಯಾಗಿ ಕೂತಿತು. ಸಿಗ್ನಲ್ ಕುಸಿಯಿತು. ಪಾಪ, ಅವಳ ಮುಖವೂ ಬಾಡಿತು. ಆದರೆ ಸುಮ್ನೆ ಕೂರಲಿಲ್ಲ, ತಿರುಳು ಚಿಕ್ಕದಾದ ಕಣ ಮಾಡಲು ಅಂದೇ ಶುರುಮಾಡಿದಳು.

ಒಣಗಿಸಿದ ಮಾದರಿಯೂ ಜೀವಕೋಶಕ್ಕೆ ಪೂರ್ತಿ ಸಮವಲ್ಲ. ಕೋಶದೊಳಗೆ ಕಣಗಳು ಗುಂಪುಗೂಡಿ ಒಂದರ ಕಾಂತತ್ವ ಇನ್ನೊಂದನ್ನು ಎಳೆಯುತ್ತದೆ. ಅದಕ್ಕೇ ನಾನು ಮೂರು ಅಳತೆ ಕೇಳುತ್ತೇನೆ: ನೀರಿನಲ್ಲಿ, ಒಣಗಿಸಿ, ಕೋಶದೊಳಗೆ. ಪ್ರತಿ ಮಾದರಿಯಲ್ಲಿ ಕಬ್ಬಿಣ ಎಷ್ಟಿದೆ ಎಂದೂ ಬರೆದು ತನ್ನಿ. ಅದಿಲ್ಲದಿದ್ದರೆ ಮೂರನ್ನೂ ಹೋಲಿಸಲು ಆಗುವುದಿಲ್ಲ.